ಒಂಬತ್ತನೆಯ ಪ್ರಶ್ನೆ

ಕಾಲೇಜಿನ ಆಪ್ತಸಮಾಲೋಚಕಿಯ ಕೋಣೆಗೆ ಬರುವ ಮಕ್ಕಳು ಮನಸ್ಸಿನ ಸಂಗತಿ ಹೇಳಿಕೊಂಡು ಬರುವುದು ಕಡಿಮೆ. ಹೆಚ್ಚಿನವರು ತಲೆನೋವು ಹೇಳಿಕೊಂಡು ಬರುತ್ತಾರೆ. ಕೆಲವರು ಹಾಜರಿ ಕಡಿಮೆಯಾಗಿ, ವಿಭಾಗದ ಮುಖ್ಯಸ್ಥರು ಕಳುಹಿಸಿದರೆಂದು ಬರುತ್ತಾರೆ. ಇನ್ನು ಕೆಲವರು ಗೆಳತಿಗೆ ಜೊತೆಯಾಗಿ ಬಂದು ಹೊರಗಿನ ಬೆಂಚಿನಲ್ಲಿ ಕುಳಿತವರು, ಗೆಳತಿ ಹೊರಟುಹೋದ ಮೇಲೂ ಎದ್ದು ಹೋಗದೆ ಉಳಿಯುತ್ತಾರೆ. ಹಾಗೆ ಉಳಿದವರನ್ನು ಒಳಗೆ ಕರೆಯುವುದನ್ನು ಆಕೆ ಎರಡನೆಯ ವರ್ಷದಲ್ಲಿ ಕಲಿತಳು. ಮೊದಲ ವರ್ಷ ಅವರನ್ನು ಬಸ್ಸಿಗೆ ಕಾಯುವವರೆಂದು ತಿಳಿದಿದ್ದಳು.

ಕಾಸರಗೋಡು ಜಿಲ್ಲೆಯ ಆ ಕಾಲೇಜಿನಲ್ಲಿ ಈ ಕೋಣೆ ಹಿಂದೆ ಆಟದ ಸಾಮಾನು ಇಡುವ ಜಾಗವಾಗಿತ್ತು. ಮಳೆಗಾಲದಲ್ಲಿ ಇಂದಿಗೂ ಗೋಡೆಯಿಂದ ಹಳೆಯ ವಾಲಿಬಾಲ್ ಬಲೆಯ ವಾಸನೆ ಬರುತ್ತದೆ. ಒಂದು ಮೇಜು, ಮೂರು ಕುರ್ಚಿ, ಬೀಗವಿರುವ ಒಂದು ಕಬ್ಬಿಣದ ಕಪಾಟು. ಬಾಗಿಲಿನ ಮೇಲಿನ ಫಲಕ ಇಂಗ್ಲಿಷಿನಲ್ಲೂ ಮಲಯಾಳದಲ್ಲೂ ಇದೆ. ಕನ್ನಡದ ಸಾಲನ್ನು ಆಕೆಯೇ ರಟ್ಟಿನ ಮೇಲೆ ಬರೆದು ಅಂಟಿಸಿದಳು. 'ಮಾನಸಿಕ' ಎಂಬ ಪದ ಆ ಸಾಲಿನಲ್ಲಿ ಇರಬಾರದೆಂದು ಮಾತ್ರ ಎಚ್ಚರ ವಹಿಸಿದಳು. ಈ ಕಡೆಯಲ್ಲಿ ಆ ಪದವನ್ನು ಕೇಳಿದವರಿಗೆ ಮುಂದಿನದೆಲ್ಲ ಕೇಳಿಸುವುದಿಲ್ಲ.

ಆಕೆ ಜಿಲ್ಲೆಯ ಪೂರ್ವದ ಗುಡ್ಡಗಳ ನಡುವಿನ ಕನ್ನಡ ಮಾಧ್ಯಮ ಶಾಲೆಯಲ್ಲಿ ಹತ್ತನೆಯ ತರಗತಿಯವರೆಗೆ ಓದಿದವಳು. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಪೇಟೆಯಲ್ಲಿ ಮಲಯಾಳ. ಮನಶ್ಶಾಸ್ತ್ರದ ಸ್ನಾತಕೋತ್ತರ ಪದವಿಯನ್ನು ಮಂಗಳೂರಿನಲ್ಲಿ ಪಡೆದಳು. ಓದಿದ್ದು, ಬರೆದದ್ದು, ತರಬೇತಿ ಪಡೆದದ್ದು ಎಲ್ಲವೂ ಇಂಗ್ಲಿಷಿನಲ್ಲಿ. 2022ರಲ್ಲಿ ಕೆಲಸಕ್ಕೆ ಸೇರಿದ ಮೊದಲ ವಾರ ಒಬ್ಬ ಹುಡುಗಿ ಎದುರು ಬಂದು ಕುಳಿತಾಗ ಆಕೆಗೆ ಒಂದು ವಿಚಿತ್ರ ಅನುಭವವಾಯಿತು. ಕೇಳಬೇಕಾದ ಪ್ರಶ್ನೆಗಳು ತಲೆಯಲ್ಲಿ ಸಾಲಾಗಿ ನಿಂತಿದ್ದವು, ಆದರೆ ಎಲ್ಲವೂ ಇಂಗ್ಲಿಷಿನವು. 'ನಿನಗೆ ಏನೆನಿಸುತ್ತಿದೆ' ಎಂದು ಕನ್ನಡದಲ್ಲಿ ಕೇಳಿದರೆ ಅದು ನಾಟಕದ ಮಾತಿನಂತೆ ಕೇಳಿಸಿತು. ಈ ಕಡೆಯ ಮನೆಗಳಲ್ಲಿ ಊಟ ಆಯಿತೇ ಎಂದು ಕೇಳುತ್ತಾರೆ, ಜ್ವರ ಬಿಟ್ಟಿತೇ ಎಂದು ಕೇಳುತ್ತಾರೆ, ಮಾರ್ಕು ಬಂತೇ ಎಂದು ಕೇಳುತ್ತಾರೆ. ಏನೆನಿಸುತ್ತಿದೆ ಎಂದು ಕೇಳಿದವರನ್ನು ಆಕೆಯೇ ಕಂಡಿರಲಿಲ್ಲ. ಆ ದಿನ ಕೊನೆಗೆ ಆಕೆ ಕೇಳಿದ್ದು, "ಬೆಳಿಗ್ಗೆ ಎಂತ ತಿಂದಿ?" ಎಂದು. ಹುಡುಗಿ ಅಳಲು ಆರಂಭಿಸಿದಳು.

ಅಂದಿನಿಂದ ಆಕೆಯ ಮೇಜಿನ ಮೇಲೆ ಒಂದು ನೋಟುಪುಸ್ತಕವಿದೆ. ಮಕ್ಕಳ ಹೆಸರಾಗಲಿ ಅವರ ಕಥೆಯಾಗಲಿ ಅದರಲ್ಲಿಲ್ಲ. ಅವೆಲ್ಲ ಬೀಗ ಹಾಕಿದ ಕಪಾಟಿನೊಳಗೆ. ನೋಟುಪುಸ್ತಕದಲ್ಲಿರುವುದು ಪದಗಳು. 'ಮಂಡೆಬೆಚ್ಚ' ಎಂಬುದು ಅದರ ಮೊದಲ ಪದ. ತಲೆ ಬಿಸಿಯಾಗುವುದೆಂದರೆ ಘಟ್ಟದ ಮೇಲಿನವರಿಗೆ ಕೋಪ ಬಂದಂತೆಯೂ ಕೇಳಿಸೀತು. ಇಲ್ಲಿ ಅದು ಚಿಂತೆ, ಬಗೆಹರಿಯದ ಯೋಚನೆ, ರಾತ್ರಿ ನಿದ್ದೆ ಬಾರದೆ ಹೊರಳುವುದು. ಪಠ್ಯಪುಸ್ತಕ ಹಲವು ಪುಟಗಳಲ್ಲಿ ವಿವರಿಸುವುದನ್ನು ಅಜ್ಜಿಯಂದಿರು ಈ ಒಂದು ಪದದಲ್ಲಿ ಇಟ್ಟಿದ್ದಾರೆ. 'ಮಂಡೆಬೆಚ್ಚ ಉಂಟಾ?' ಎಂದು ಕೇಳಿದರೆ ಹುಡುಗರು ನಾಚದೆ ತಲೆಯಾಡಿಸುತ್ತಾರೆ.

ಮಲಯಾಳದಿಂದ ಬಂದ ತೊಡಕು ಬೇರೆ ಬಗೆಯದು. ಆಕೆಗಿಂತ ಮೊದಲು ಆ ಕುರ್ಚಿಯಲ್ಲಿದ್ದವರು ತೆಂಕಣ ಕೇರಳದವರು, ಮಕ್ಕಳ ಮೇಲೆ ಬಹಳ ಪ್ರೀತಿಯಿದ್ದವರು. 'ವಿಷಮಮುಂಡೋ?' ಎಂದು ಅವರು ಕೇಳುತ್ತಿದ್ದುದು ದುಃಖವಿದೆಯೇ ಎಂಬ ಅರ್ಥದಲ್ಲಿ. ಕನ್ನಡದ ಮಕ್ಕಳಿಗೆ ವಿಷಮವೆಂದರೆ ಪತ್ರಿಕೆಯಲ್ಲಿ ಪರಿಸ್ಥಿತಿ ವಿಷಮಿಸುವುದು, ಆಸ್ಪತ್ರೆಯಲ್ಲಿ ವಿಷಮಶೀತ ಜ್ವರ. ಒಳನಾಡಿನಿಂದ ಬಂದ ಹುಡುಗಿಯೊಬ್ಬಳು ತನಗೆ ಅಷ್ಟೊಂದು ದೊಡ್ಡ ರೋಗವೇನೂ ಇಲ್ಲವೆಂದು ಹೇಳಿ ಎದ್ದುಹೋದಳಂತೆ. ಇದನ್ನು ಸ್ವತಃ ಆ ಹುಡುಗಿಯೇ ನಗುತ್ತ ಹೇಳಿದಳು, ಎರಡು ವರ್ಷ ತಡವಾಗಿ.

ಆದರೆ ನೋಟುಪುಸ್ತಕದಲ್ಲಿ ಆಕೆ ಕೆಂಪು ಶಾಯಿಯಿಂದ ಅಡಿಗೆರೆ ಎಳೆದ ಪದ 'ಉದಾಸೀನ'. ಕರಾವಳಿಯ ಈ ಭಾಗದಲ್ಲಿ ಉದಾಸೀನವೆಂದರೆ ಅಲಕ್ಷ್ಯವಲ್ಲ, ಯಾವುದಕ್ಕೂ ಮೈ ಏಳದಿರುವುದು. ಏಳಲು ಉದಾಸೀನ, ಸ್ನಾನಕ್ಕೆ ಉದಾಸೀನ, ಮಾತನಾಡಲು ಉದಾಸೀನ. ಖಿನ್ನತೆಯ ಮೊದಲ ಲಕ್ಷಣಗಳಲ್ಲಿ ಒಂದಾದ ನಿರಾಸಕ್ತಿಗೆ ಮಕ್ಕಳ ಬಾಯಲ್ಲಿ ಬರುವ ಪದವೂ ಇದೇ, ಸೋಮಾರಿಗೆ ಹಿರಿಯರು ಬೈಯುವ ಪದವೂ ಇದೇ. ಹದಿನೆಂಟು ವರ್ಷದ ಮಗ ಉದಾಸೀನವಾಗುತ್ತದೆ ಎಂದಾಗ ಮನೆಯವರು ಕೇಳಿಸಿಕೊಳ್ಳುವುದು ತಪ್ಪೊಪ್ಪಿಗೆಯನ್ನು. ಅವನು ಕೊಟ್ಟದ್ದು ದೂರನ್ನು. ಈ ಒಂದು ಪದದ ಮೇಲೆ ಜಗಳವಾಗಿ ಮಾತು ಬಿಟ್ಟ ಅಪ್ಪ ಮಕ್ಕಳನ್ನು ಆಕೆ ನಾಲ್ಕೈದು ಮನೆಗಳಲ್ಲಿ ಕಂಡಿದ್ದಾಳೆ.

ಇಲ್ಲಿ ಹೇಳಬೇಕಾದ ಹುಡುಗ ಕೇರಳದಲ್ಲಿ ನಾಲ್ಕು ವರ್ಷದ ಪದವಿ ಆರಂಭವಾದ 2024ರ ಜುಲೈಯಲ್ಲಿ ಕಾಲೇಜಿಗೆ ಸೇರಿದವನು. ಅವನೂ ಅವನ ತಂದೆತಾಯಿಯರೂ ಒಪ್ಪಿದ ಮೇಲೆಯೇ, ಊರು ಮತ್ತು ಕೆಲವು ವಿವರಗಳನ್ನು ಮರೆಮಾಡಿ ಇದನ್ನು ಬರೆಯಲಾಗಿದೆ. ತಂದೆ ತೋಟಗಳಲ್ಲಿ ಅಡಿಕೆ ಕೊಯ್ಯುವವರು. ತಾಯಿ ಬೀಡಿ ಕಟ್ಟುವವರು. ಆ ಮನೆಯಿಂದ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲಿಗ ಅವನು. ಕನ್ನಡ ಶಾಲೆಯಲ್ಲಿ ಅವನು ಪ್ರಸಿದ್ಧ. ಶಾಲಾ ಕಲೋತ್ಸವದ ಯಕ್ಷಗಾನ ಸ್ಪರ್ಧೆಯಲ್ಲಿ ಅವನು ವೇಷ ಕಟ್ಟಿ ಅರ್ಥ ಹೇಳುತ್ತಿದ್ದರೆ ಮಾಸ್ತರುಗಳು ನಿಂತು ಕೇಳುತ್ತಿದ್ದರಂತೆ. ಮಾತಿನ ಮಲ್ಲನೆಂದು ಹೆಸರು ಪಡೆದ ಹುಡುಗ.

ಅಂಥವನು ಕಾಲೇಜಿಗೆ ಬಂದ ನಾಲ್ಕು ತಿಂಗಳಲ್ಲಿ ಮೂಕನಾದ. ಇದಕ್ಕೆ ಯಾರೂ ಅವನನ್ನು ಹೊಡೆಯಲಿಲ್ಲ, ಬೈಯಲಿಲ್ಲ. ರಸಾಯನಶಾಸ್ತ್ರದ ಪುಸ್ತಕ ಇಂಗ್ಲಿಷಿನದು. ಪ್ಲಸ್ ಟುವಿನಲ್ಲೂ ಇಂಗ್ಲಿಷಿನದೇ ಇತ್ತು, ಆದರೆ ಅಲ್ಲಿ ಟೀಚರು ಕನ್ನಡದಲ್ಲಿ ವಿವರಿಸುತ್ತಿದ್ದರು. ಇಲ್ಲಿ ವಿವರಣೆ ಮಲಯಾಳದಲ್ಲಿ. ಅಂಗಡಿಯ ಮಲಯಾಳ, ಬಸ್ಸಿನ ಮಲಯಾಳ ಅವನಿಗೆ ಬರುತ್ತದೆ. ಪಾಠದ ಮಲಯಾಳ ಬಾರದು. ತರಗತಿ ನಕ್ಕಾಗ ಅವನು ಒಂದು ಗಳಿಗೆ ತಡವಾಗಿ ನಗುತ್ತಿದ್ದ. ಒಮ್ಮೆ ಐದು ನಿಮಿಷದ ಸೆಮಿನಾರಿಗೆ ನಿಂತವನು ಎರಡನೆಯ ನಿಮಿಷದಲ್ಲಿ ನಿಂತುಬಿಟ್ಟ. ಹಿಂದಿನ ಸಾಲಿನಲ್ಲಿ ಇಬ್ಬರು ನಕ್ಕರು, ಅಷ್ಟೇ. ಅಧ್ಯಾಪಕರು ಸಮಾಧಾನ ಹೇಳಿ ಕುಳ್ಳಿರಿಸಿದರು. ಆ ಸಮಾಧಾನವೇ ತನ್ನನ್ನು ಮುಗಿಸಿತು ಎಂದು ಅವನು ಬಹಳ ಕಾಲದ ಮೇಲೆ ಹೇಳಿದ. ವೇಷ ಕಳಚಿದ ಮೇಲೆ ಯಾರೂ ಗುರುತಿಸದ ಅವಸ್ಥೆ ಅದು.

ಹಾಜರಿ ಕುಸಿದಾಗ ಅಧ್ಯಾಪಕರೇ ಅವನನ್ನು ಆಪ್ತಸಮಾಲೋಚಕಿಯ ಬಳಿಗೆ ಕಳುಹಿಸಿದರು. ತಲೆನೋವೆಂದ. ಆಕೆ ತುಸು ಹೊತ್ತು ಮಾತನಾಡಿಸಿ, ಎಲ್ಲರಿಗೂ ಕೊಡುವ ಪ್ರಶ್ನೆಗಳ ಕಾಗದವನ್ನು ಅವನಿಗೂ ಕೊಟ್ಟಳು. ಜಗತ್ತಿನ ಅನೇಕ ದೇಶಗಳಲ್ಲಿ ಬಳಕೆಯಲ್ಲಿರುವ ಕಾಗದ ಅದು, ಒಂಬತ್ತು ಪ್ರಶ್ನೆಗಳದು. ಕಳೆದ ಎರಡು ವಾರಗಳಲ್ಲಿ ಆಸಕ್ತಿ ಹೇಗಿತ್ತು, ನಿದ್ದೆ ಹೇಗಿತ್ತು, ಹಸಿವು ಹೇಗಿತ್ತು, ಮನಸ್ಸು ನಿಲ್ಲುತ್ತಿತ್ತೇ, ತನ್ನ ಬಗ್ಗೆ ತನಗೇ ಕೀಳೆನಿಸಿತೇ ಎಂದು ಒಂದೊಂದಾಗಿ ಕೇಳುತ್ತ ಹೋಗುತ್ತದೆ. ಪ್ರತಿಯೊಂದಕ್ಕೂ ಸೊನ್ನೆಯಿಂದ ಮೂರರವರೆಗೆ ಅಂಕ, ಒಟ್ಟು 27. ಒಂಬತ್ತನೆಯ ಪ್ರಶ್ನೆ ಬದುಕಿರುವುದೇ ಬೇಡವೆನಿಸಿತೇ, ತನಗೆ ತಾನೇ ಕೇಡು ಮಾಡಿಕೊಳ್ಳುವ ಯೋಚನೆ ಬಂತೇ ಎಂಬುದರ ಕುರಿತು. ಅದರ ಕನ್ನಡ ಅನುವಾದವೂ ಆಕೆಯ ಬಳಿಯಿತ್ತು. "ಕನ್ನಡದ್ದು ಕೊಡಲಾ?" ಎಂದು ಕೇಳಿದಳು.

"ಬೇಡ ಟೀಚರ್, ಇಂಗ್ಲಿಷಿನದ್ದೇ ಆಗ್ತದೆ."

ಐದು ನಿಮಿಷದಲ್ಲಿ ತುಂಬಿಸಿ ಕೊಟ್ಟ. ಒಟ್ಟು ಎಂಟು ಅಂಕ. ಒಂಬತ್ತನೆಯದಕ್ಕೆ ಸೊನ್ನೆ. ಐದರಿಂದ ಒಂಬತ್ತರವರೆಗೆ ಸೌಮ್ಯ ಎಂದು ಲೆಕ್ಕ. ಆಕೆ ಕಡತದಲ್ಲಿ 'ಸೌಮ್ಯ, ಎರಡು ವಾರ ಬಿಟ್ಟು ಬರಲಿ' ಎಂದು ಬರೆದಳು. ಹೊರಡುವಾಗ, ಶಾಲೆಯ ಯಕ್ಷಗಾನದ ಸಂಗತಿ ಅವಳ ಕಿವಿಗೆ ಬಿದ್ದಿದ್ದರಿಂದ, ಕಾಲೇಜು ವಾರ್ಷಿಕೋತ್ಸವದಲ್ಲಿ ಒಂದು ವೇಷ ಮಾಡಬಹುದಲ್ಲ ಎಂದಳು. ಹುರುಪು ಬರಲಿ ಎಂಬ ಆಸೆ. ಹುಡುಗ ಸಣ್ಣಗೆ ನಕ್ಕು, "ವೇಷದವ ಬೇರೆ ಟೀಚರ್" ಎಂದ. ಆ ಮಾತನ್ನು ಆಕೆ ವಿನಯವೆಂದು ತಿಳಿದಳು.

ಅದಾಗಿ ಒಂಬತ್ತನೆಯ ದಿನ ಸಂಜೆ ನಾಲ್ಕು ಗಂಟೆಯ ಹೊತ್ತಿಗೆ ಕ್ಯಾಂಟೀನಿನಲ್ಲಿ ದುಡಿಯುವ ಹೆಂಗಸು ಒದ್ದೆ ಕೈಯಲ್ಲೇ ಕೋಣೆಯ ಬಾಗಿಲಿಗೆ ಬಂದರು. ಮಕ್ಕಳೆಲ್ಲ ಅವರನ್ನು ಅಕ್ಕ ಎನ್ನುತ್ತಾರೆ. ಅವರು ಓದಿದ್ದು ನಾಲ್ಕನೆಯ ತರಗತಿ, ಆಡುವುದು ತುಳು. ಒಳಗೆ ಬರಲೋ ಬೇಡವೋ ಎಂದು ನಿಂತು, ಒಂದು ವಿಷಯ ಹೇಳಲಿಕ್ಕಿತ್ತು ಎಂದರು. ಆ ಹುಡುಗ ತಿಂಗಳ ಕೊನೆಯಲ್ಲಿ ಲೆಕ್ಕ ತೀರಿಸುವವನು. ಇಂದು ತಿಂಗಳ ನಡುವೆಯೇ ಬಂದು ಬಾಕಿ ನೂರನಲವತ್ತು ರೂಪಾಯಿಯನ್ನು ಚಿಲ್ಲರೆ ಸಹಿತ ಎಣಿಸಿ ಕೊಟ್ಟ. ಏನು ಮಗ, ಊರು ಬಿಡುವವನ ಹಾಗೆ, ಎಂದು ಇವರು ತಮಾಷೆ ಮಾಡಿದರು. ಅದಕ್ಕೆ ಅವನು, "ಎಂಕ್ ಮಾತ ಬೊಡ್ಚಿ ಆತ್ಂಡ್ ಅಕ್ಕ" ಎಂದನಂತೆ. ತನಗೆ ಎಲ್ಲ ಬೇಡವಾಗಿದೆ ಎಂದು. "ಮಕ್ಕಳು ಹಾಗೆ ಹೇಳುವುದುಂಟು. ಆದರೆ ಅವನು ನಗಾಡ್ಲಿಲ್ಲ," ಎಂದರು ಅಕ್ಕ.

ಆಕೆಗೆ ಎದೆ ಧಸಕ್ಕೆಂದಿತು. ಫೋನು ಮಾಡಿದರೆ ಹುಡುಗ ಎತ್ತಲಿಲ್ಲ. ವಿಭಾಗದ ಅಧ್ಯಾಪಕರೊಬ್ಬರ ಸ್ಕೂಟರಿನ ಹಿಂದೆ ಕುಳಿತು ಬಸ್ ನಿಲ್ದಾಣಕ್ಕೆ ಹೋದಳು. ಅವನ ಊರಿನ ಬಸ್ಸು ನಿಲ್ಲುವ ಕಡೆ, ಕಡಲೆ ಮಾರುವವನ ಪಕ್ಕದ ಸಿಮೆಂಟು ಕಟ್ಟೆಯ ಮೇಲೆ ಅವನು ಕುಳಿತಿದ್ದ. ಅವನ ಊರಿನ ಬಸ್ಸುಗಳು ಒಂದರ ಹಿಂದೊಂದು ಹೋದರೂ ಹತ್ತಿರಲಿಲ್ಲ. ಅಧ್ಯಾಪಕರು ದೂರ ನಿಂತರು. ಆಕೆ ಪಕ್ಕದಲ್ಲಿ ಕುಳಿತು ಬಹಳ ಹೊತ್ತು ಸುಮ್ಮನಿದ್ದಳು. ಆಮೇಲೆ ಸುತ್ತುಬಳಸದೆ, ಪುಸ್ತಕದ ಯಾವ ಪದವನ್ನೂ ಸೇರಿಸದೆ, ತುಳುವಿನಲ್ಲಿ ಕೇಳಿದಳು: ಸಾಯಬೇಕೆಂದು ತೋರುತ್ತದಾ ನಿನಗೆ?

ಹುಡುಗ ಬಸ್ಸುಗಳ ಕಡೆಗೇ ನೋಡುತ್ತ "ಅಂದ್" ಎಂದ. ಹೌದು.

ಹೀಗೆ ನೇರವಾಗಿ ಕೇಳಿದರೆ ಇಲ್ಲದ ಯೋಚನೆಯನ್ನು ತಲೆಗೆ ತುಂಬಿದಂತಾಗುವುದೆಂದು ಅನೇಕ ತಂದೆತಾಯಿಯರು, ಅಧ್ಯಾಪಕರು ಹೆದರುತ್ತಾರೆ. ಹಾಗಾಗುವುದಿಲ್ಲ ಎಂಬುದು ಈ ಶಾಸ್ತ್ರದಲ್ಲಿ ಚೆನ್ನಾಗಿ ಪರೀಕ್ಷಿಸಿ ಕಂಡುಕೊಂಡ ಸಂಗತಿ. ಕೇಳಿದಾಗ ಎಷ್ಟೋ ಜನಕ್ಕೆ ಹೊರೆ ಇಳಿದಂತಾಗುತ್ತದೆ. ಆಕೆ ಇದನ್ನು ಓದಿದ್ದಳು, ಪರೀಕ್ಷೆಯಲ್ಲಿ ಬರೆದಿದ್ದಳು. ಆದರೆ ಒಂಬತ್ತು ದಿನ ಹಿಂದೆ, ತನ್ನದೇ ಕೋಣೆಯಲ್ಲಿ, ಆ ಪ್ರಶ್ನೆಯನ್ನು ತಾನು ಕೇಳದೆ ಕಾಗದದ ಕೈಯಲ್ಲಿ ಕೇಳಿಸಿದ್ದಳು. ಬಸ್ಸುಗಳ ಗದ್ದಲದಲ್ಲಿ, ಹುಡುಗ ಮಾತು ಶುರುಮಾಡಿದ ಮೇಲೆ ನಿಲ್ಲಿಸಲಿಲ್ಲ. ಮುಕ್ಕಾಲು ಗಂಟೆ ಮಾತನಾಡಿದ. ಯಕ್ಷಗಾನದಲ್ಲಿ ಅರ್ಥ ಹೇಳುತ್ತಿದ್ದ ಹುಡುಗ ಅವನೇ ಎಂದು ಆಕೆಗೆ ಆಗ ತಿಳಿಯಿತು.

ಮನೆಯವರಿಗೆ ತಿಳಿಸಬೇಕೆಂದು ಅವನಿಗೇ ಮೊದಲು ಹೇಳಿದಳು. ಈ ಕೋಣೆಯಲ್ಲಿ ಆಡಿದ ಮಾತು ಹೊರಗೆ ಹೋಗುವುದಿಲ್ಲವೆಂಬುದು ಅಲ್ಲಿಯ ಮೊದಲ ಕರಾರು. ಜೀವಕ್ಕೆ ಅಪಾಯವಿದ್ದರೆ ಮಾತ್ರ ಹೇಳಬೇಕಾದವರಿಗೆ ಹೇಳುತ್ತೇನೆಂಬುದು ಅದೇ ಕರಾರಿನ ಎರಡನೆಯ ಭಾಗ. ಎರಡನ್ನೂ ಮೊದಲ ದಿನವೇ ಹೇಳಿರುತ್ತಾಳೆ. ಎರಡನೆಯ ಭಾಗವನ್ನು ಹದಿನೆಂಟರ ಮಕ್ಕಳು ಸಾಮಾನ್ಯವಾಗಿ ಕೇಳಿಸಿಕೊಂಡಿರುವುದಿಲ್ಲ. ಹುಡುಗ ಸಿಟ್ಟಾದ. ಅಪ್ಪನಿಗೆ ಹೇಳಬೇಡಿ, ಅಮ್ಮನಿಗೆ ಹೇಳಿ ಎಂದ. ಅದಕ್ಕೆ ಆಕೆ ಒಪ್ಪಿದಳು. ಆದರೆ ಒಂದೂವರೆ ಗಂಟೆಯಲ್ಲಿ, ಜೀಪು ಹಿಡಿದು ಇಬ್ಬರೂ ಬಂದರು.

ತಂದೆಯ ಮೊದಲ ಪ್ರಶ್ನೆ, ಪೊಲೀಸು ಕೇಸಾಗುತ್ತದೆಯೇ ಎಂಬುದು. ಹಳ್ಳಿಗಳಲ್ಲಿ ಈ ಹೆದರಿಕೆ ಇನ್ನೂ ಹೋಗಿಲ್ಲ. ಯೋಚನೆ ಬಂದದ್ದಕ್ಕೆ ಕೇಸು ಎಂದೂ ಇರಲಿಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆ 2018ರ ಮೇಯಿಂದ ಜಾರಿಯಲ್ಲಿದೆ. ಜೀವ ಕಳೆದುಕೊಳ್ಳಲು ಯತ್ನಿಸಿದವರೂ ತೀವ್ರ ಒತ್ತಡದಲ್ಲಿದ್ದರೆಂದೇ ಅದು ಭಾವಿಸುತ್ತದೆ, ಅವರಿಗೆ ಆರೈಕೆ ಕೊಡುವುದನ್ನು ಸರಕಾರದ ಕರ್ತವ್ಯವೆನ್ನುತ್ತದೆ. ಇದನ್ನು ಆಕೆ ಹೇಳಿದ ಮೇಲೆ ತಂದೆ ಕುರ್ಚಿಯಲ್ಲಿ ಕುಳಿತರು. ತಾಯಿ ಅತ್ತಿರಲಿಲ್ಲ. "ಅವನ ಮಂಡೆಗೆ ಎಂತದೂ ಆಗ್ಲಿಲ್ಲವಲ್ಲ ಟೀಚರೇ?" ಎಂದು ಮಾತ್ರ ಕೇಳಿದರು. ಮನೆಯಲ್ಲಿ ಮದುವೆಗೆ ಬಂದ ಮಗಳಿದ್ದಾಳೆ, ಈ ಸುದ್ದಿ ಊರಿಗೆ ತಿಳಿಯಬಾರದು ಎಂಬ ಮಾತೂ ಬಂತು. ಅದನ್ನು ಕಠೋರವೆಂದು ತಿಳಿಯುವುದು ಸುಲಭ. ಹತ್ತಿರದಿಂದ ಕಂಡವರಿಗೆ ಮಾತ್ರ, ಆ ತಾಯಿ ಇಬ್ಬರು ಮಕ್ಕಳನ್ನೂ ಒಂದೇ ಉಸಿರಿನಲ್ಲಿ ಹಿಡಿದುಕೊಳ್ಳಲು ಯತ್ನಿಸುತ್ತಿದ್ದರೆಂದು ತಿಳಿದೀತು.

ಹೊರಡುವಾಗ ತಂದೆ ಬಾಗಿಲ ಬಳಿ ನಿಂತರು. "ಉದಾಸೀನ ಆಗ್ತದೆ ಅಂತ ಎರಡು ಮೂರು ಸಲ ಹೇಳಿದ್ದ. ನಾನು ಬೈದೆ," ಎಂದರು. ಮತ್ತೇನೂ ಹೇಳಲಿಲ್ಲ.

ಆ ರಾತ್ರಿಗಾಗಿ ಆಕೆ ಅವರಿಗೆ ಹೇಳಿಕೊಟ್ಟದ್ದು ದೊಡ್ಡ ಶಾಸ್ತ್ರವೇನಲ್ಲ. ಅವನು ಒಬ್ಬನೇ ಮಲಗಬಾರದು. ಮನೆಯಲ್ಲಿ, ಕೊಟ್ಟಿಗೆಯಲ್ಲಿ ಯಾವ ಯಾವುದಕ್ಕೆ ಬೀಗ ಬೀಳಬೇಕು, ಕೀಲಿ ಯಾರಲ್ಲಿರಬೇಕು. ಬುದ್ಧಿವಾದ ಬೇಡ, ಆಣೆ ಹಾಕಿಸುವುದು ಬೇಡ, ನಮ್ಮನ್ನು ನೋಡಿಯಾದರೂ ಎಂಬ ಮಾತು ಬೇಡ. ಅವನು ಮಾತನಾಡಿದರೆ ಕೇಳುವುದು. ತಡೆಯಲಾಗದೆ ಹೋದರೆ ಹೊತ್ತುಗೊತ್ತು ನೋಡದೆ ಕರೆ ಮಾಡಬಹುದಾದ ಎರಡು ನಂಬರುಗಳನ್ನು ತಾಯಿಯ ಬೀಡಿ ಲೆಕ್ಕದ ಪುಸ್ತಕದ ಹಿಂಬದಿಯಲ್ಲಿ ಬರೆದುಕೊಟ್ಟಳು: ಕೇಂದ್ರ ಸರಕಾರದ ಟೆಲಿ ಮಾನಸ್ 14416, ಕೇರಳದ ದಿಶಾ 1056. ಟೆಲಿ ಮಾನಸ್ 2022ರ ಅಕ್ಟೋಬರಿನಲ್ಲಿ ಆರಂಭವಾದದ್ದು, ಕನ್ನಡದಲ್ಲೂ ಮಾತನಾಡಬಹುದು. ಆದರೂ ಮಧ್ಯರಾತ್ರಿ ತಾಯಿ ಕರೆ ಮಾಡಿದ್ದು ಈಕೆಗೇ. ಮಗ ನಿದ್ದೆ ಹೋಗಿದ್ದಾನೆ ಎಂದು ಹೇಳಲು.

ಮರುದಿನ ಎರಡು ದಾರಿಗಳಲ್ಲಿ ಕೆಲಸ ನಡೆಯಿತು. ತಂದೆಯ ಅಣ್ಣ ಜ್ಯೋತಿಷ್ಯರಲ್ಲಿ ಪ್ರಶ್ನೆ ಇಡಿಸಿದರು. ಮನೆಯ ದೈವಕ್ಕೆ ಬಾಕಿಯಿದ್ದ ಒಂದು ಹರಕೆ ಕಂಡುಬಂತು. ಇಂಥ ಕಡೆಗಳಲ್ಲಿ ಆಕೆ ವಾದಕ್ಕೆ ನಿಲ್ಲುವುದಿಲ್ಲ. ಹರಕೆ ತೀರಿಸಿ, ಅದರೊಂದಿಗೆ ಡಾಕ್ಟರಲ್ಲಿಗೂ ಹೋಗಿ, ಎರಡರ ನಡುವೆ ಜಗಳವಿಲ್ಲ ಎನ್ನುತ್ತಾಳೆ. ಇದು ಸಹೋದ್ಯೋಗಿಗಳಲ್ಲಿ ಕೆಲವರಿಗೆ ಸರಿಬರುವುದಿಲ್ಲ. ಮಗನನ್ನು ಆಸ್ಪತ್ರೆಗೆ ಕರೆದೊಯ್ಯುವವರು ಆ ದೊಡ್ಡಪ್ಪನೇ, ಜೀಪು ಅವರದೇ ಎಂಬುದು ಆಕೆಗೆ ಗೊತ್ತಿತ್ತು.

ಯಾವ ಡಾಕ್ಟರು ಎಂಬುದು ಮುಂದಿನ ಪ್ರಶ್ನೆ. ಸರಕಾರಿ ಆಸ್ಪತ್ರೆಯಲ್ಲಿ ಖರ್ಚಿಲ್ಲ, ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ವೈದ್ಯರು ಹತ್ತಿರದಲ್ಲೇ ಸಿಗುತ್ತಾರೆ, ಮಾತು ಮಲಯಾಳದ್ದು. ಮಂಗಳೂರಿನಲ್ಲಿ ಖರ್ಚಿದೆ, ಪ್ರಯಾಣವಿದೆ. ಆದರೆ ಅಲ್ಲಿ ತುಳುವಿನಲ್ಲೇ ಅಳಬಹುದು. 1956ರಲ್ಲಿ ಗಡಿ ಎಳೆದವರು ಆಡಳಿತವನ್ನು ದಕ್ಷಿಣಕ್ಕೆ ಕೊಟ್ಟರೂ ಈ ಊರುಗಳ ಕಾಯಿಲೆಗಳು ಉತ್ತರಕ್ಕೇ ಹೋಗುತ್ತ ಬಂದಿವೆ. 2020ರ ಮಾರ್ಚಿನಲ್ಲಿ ತಲಪಾಡಿಯಲ್ಲಿ ರಸ್ತೆ ಮುಚ್ಚಿದಾಗ ಅದರ ಅರ್ಥವೇನೆಂದು ಎಲ್ಲರಿಗೂ ತಿಳಿಯಿತು. ಆಗ ಮಂಗಳೂರಿನಲ್ಲಿ ಓದುತ್ತಿದ್ದ ಆಕೆಯೂ ಊರಿಗೆ ಬರಲಾಗದೆ ಹಾಸ್ಟೆಲಿನಲ್ಲಿ ಉಳಿದಿದ್ದಳು. ಕೊನೆಗೆ ಮಂಗಳೂರು ಎಂದೇ ತೀರ್ಮಾನವಾಯಿತು. ಡಾಕ್ಟರು ಖಿನ್ನತೆಯೆಂದು ಹೇಳಿ ಮಾತ್ರೆ ಬರೆದರು. ಹತ್ತು ದಿನವಾದರೂ ಗುಣ ಕಾಣದೆ ತಂದೆ ಮಾತ್ರೆ ನಿಲ್ಲಿಸಲು ಹೊರಟಾಗ, ಇಂಥ ಮಾತ್ರೆಗಳು ಮೈಗೆ ಹಿಡಿಯಲು ಕೆಲವು ವಾರಗಳೇ ಬೇಕು, ಡಾಕ್ಟರನ್ನು ಕೇಳದೆ ನಿಲ್ಲಿಸಬಾರದು ಎಂದು ಫೋನಿನಲ್ಲಿ ಹೇಳಿ ಹೇಳಿ ಆಕೆಯ ಗಂಟಲು ಒಣಗಿತು.

ಹುಡುಗ ಸುಧಾರಿಸುತ್ತಿದ್ದ. ಆಕೆ ಸುಧಾರಿಸಲಿಲ್ಲ. ಕಡತ ತೆರೆದು ಆ ಕಾಗದವನ್ನು ಎಷ್ಟು ಸಲ ನೋಡಿದಳೋ. ಒಂಬತ್ತನೆಯ ಸಾಲಿನ ಸೊನ್ನೆ ಅಚ್ಚುಕಟ್ಟಾಗಿತ್ತು. ಆ ದಿನ ಸುಳ್ಳು ಬರೆದೆಯಾ ಎಂದು ಒಮ್ಮೆ ಕೇಳಿದಳು. ಇಲ್ಲ ಟೀಚರ್ ಎಂದ. ಇಂಗ್ಲಿಷಿನ ಆ ಉದ್ದ ವಾಕ್ಯ ಅವನಿಗೆ ಸರಿಯಾಗಿ ಅರ್ಥವಾಗಿರಲಿಲ್ಲ. ಸಾವಿನ ಪದ ಕಂಡಿತು, ತಾನಿನ್ನೂ ಅಷ್ಟು ದೂರ ಹೋಗಿಲ್ಲ ಎಂದುಕೊಂಡ. ಅವನಿಗಿದ್ದುದು ಬೊಡ್ಚಿ ಎಂಬ ಭಾವ. ಬೆಳಿಗ್ಗೆ ಬೊಡ್ಚಿ, ಬಸ್ಸು ಬೊಡ್ಚಿ, ಊಟ ಬೊಡ್ಚಿ, ಹೀಗೆ ಒಂದೊಂದಾಗಿ ಬೇಡವಾಗುತ್ತ ಕೊನೆಗೆ ಉಳಿದದ್ದು ತಾನೊಬ್ಬನೇ. ಆ ಕಾಗದದಲ್ಲಿ ಆ ಪದ ಇರಲಿಲ್ಲ.

ಹಾಗಾದರೆ ಕನ್ನಡದ್ದು ಕೇಳಬಹುದಿತ್ತಲ್ಲ ಎಂದಾಗ ಹುಡುಗ ತಲೆ ತಗ್ಗಿಸಿದ. ಉತ್ತರ ಆಕೆಗೇ ಹೊಳೆಯಿತು. ತರಗತಿಯಲ್ಲಿ ಇಂಗ್ಲಿಷಿಗಾಗಿ ಸೋತು ಬಂದವನ ಎದುರು ಎರಡು ಕಾಗದ ಹಿಡಿದು ಯಾವುದು ಬೇಕೆಂದು ಕೇಳಿದರೆ ಅವನು ಇನ್ನೇನು ಹೇಳಿಯಾನು? ಕನ್ನಡದ್ದನ್ನು ಕೇಳಿ ಪಡೆಯುವುದೇ ಅವನಿಗೆ ಮತ್ತೊಂದು ಸೋಲು. ಅದೇ ದಾರಿಯಲ್ಲಿ ನಡೆದುಬಂದ ಆಕೆಗೆ, ಮಂಗಳೂರಿನ ತರಗತಿಯಲ್ಲಿ ಮೊದಲ ಸೆಮಿಸ್ಟರು ಪೂರ್ತಿ ಬಾಯಿ ತೆರೆಯದೆ ಕುಳಿತಿದ್ದ ಆಕೆಗೆ, ಇದು ತಿಳಿಯಬೇಕಿತ್ತು. ಕುರ್ಚಿಯ ಈ ಬದಿಗೆ ಬಂದು ಮೂರು ವರ್ಷವಾಗುವಷ್ಟರಲ್ಲಿ ಮರೆತಿದ್ದಳು.

ಈಗ ಆಕೆ ಯಾವುದು ಬೇಕೆಂದು ಕೇಳುವುದಿಲ್ಲ. ಮೂರೂ ಭಾಷೆಯ ಕಾಗದಗಳನ್ನು ಒಟ್ಟಿಗೆ ಮೇಜಿನ ಮೇಲಿಟ್ಟು ನೀರು ತರುವ ನೆಪದಲ್ಲಿ ಎದ್ದುಹೋಗುತ್ತಾಳೆ. ಒಂಬತ್ತನೆಯ ಪ್ರಶ್ನೆಗೆ ಸೊನ್ನೆ ಬಂದರೂ ಬಾರದಿದ್ದರೂ ಬಾಯಿಯಿಂದ ಮತ್ತೊಮ್ಮೆ ಕೇಳುತ್ತಾಳೆ. ಕ್ಯಾಂಟೀನಿನ ಅಕ್ಕ, ಗ್ರಂಥಾಲಯದ ಸಹಾಯಕ, ಹಾಸ್ಟೆಲಿನ ಅಡುಗೆಯವರು, ಗೇಟಿನ ಕಾವಲುಗಾರ, ಇವರನ್ನೆಲ್ಲ ಒಂದು ಶನಿವಾರ ಕೂಡಿಸಿ ಚಾ ಕೊಟ್ಟು ಮಾತನಾಡಿದಳು. ಮಕ್ಕಳು ಬಾಕಿ ತೀರಿಸಿದರೆ, ಇಷ್ಟದ ವಸ್ತುವನ್ನು ಯಾರಿಗಾದರೂ ಕೊಟ್ಟುಬಿಟ್ಟರೆ, ಬೇಡದ ಹೊತ್ತಿನಲ್ಲಿ ವಿದಾಯದ ಮಾತಾಡಿದರೆ ತನಗೆ ತಿಳಿಸಿ ಎಂದಳು. ಇದಕ್ಕೆ ಪ್ರಾಂಶುಪಾಲರ ಅನುಮತಿ ಪಡೆಯಲು ಮೂರು ವಾರ ಹಿಡಿಯಿತು.

ಆಕೆಯ ಕೆಲಸವೂ ಭದ್ರವಾದದ್ದಲ್ಲ. ಕೇರಳದ ಸರಕಾರಿ ಕಾಲೇಜುಗಳಲ್ಲಿ 'ಜೀವನಿ' ಯೋಜನೆಯಡಿ ಮನಶ್ಶಾಸ್ತ್ರಜ್ಞರ ನೇಮಕವಾಗುತ್ತದೆ. ಈಕೆ ಇರುವುದು ಬೇರೊಂದು ಕಾಲೇಜಿನಲ್ಲಿ, ಆಡಳಿತ ಮಂಡಳಿಯ ತಾತ್ಕಾಲಿಕ ನೇಮಕದಲ್ಲಿ. ಮಾರ್ಚಿನಲ್ಲಿ ಮುಗಿಯುತ್ತದೆ, ಜೂನಿನಲ್ಲಿ ಕರೆದರೆ ಉಂಟು, ಇಲ್ಲವಾದರೆ ಇಲ್ಲ. ಮಕ್ಕಳು ಮನಸ್ಸು ಬಿಚ್ಚುವುದು ಸಾಮಾನ್ಯವಾಗಿ ಫೆಬ್ರವರಿಯಲ್ಲಿ. 2025ರ ಜುಲೈಯಲ್ಲಿ ಸುಪ್ರೀಂ ಕೋರ್ಟು, ನೂರು ಅಥವಾ ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ವಿದ್ಯಾಸಂಸ್ಥೆಗಳಲ್ಲಿ ಅರ್ಹ ಆಪ್ತಸಮಾಲೋಚಕರು ಕನಿಷ್ಠ ಒಬ್ಬರಾದರೂ ಇರಬೇಕೆಂದು ನಿರ್ದೇಶಿಸಿತು. ಆ ತೀರ್ಪಿನ ಸುದ್ದಿಯನ್ನು ಕತ್ತರಿಸಿ ಆಕೆ ಕಪಾಟಿನ ಒಳಬದಿಗೆ ಅಂಟಿಸಿದ್ದಾಳೆ. ಆ ಒಬ್ಬರಿಗೆ ಮಕ್ಕಳ ಮಾತು ತಿಳಿದಿರಬೇಕೆಂಬುದನ್ನು ಕೇಳಬೇಕಾದವರು ಈ ಕಡೆಯ ತಂದೆತಾಯಿಯರೇ. ಕನ್ನಡ ಶಾಲೆಗೆ ಕನ್ನಡ ಬಲ್ಲ ಅಧ್ಯಾಪಕರು ಬೇಕೆಂದು ಧರಣಿ ಕುಳಿತವರ ನಾಡು ಇದು. ಮಕ್ಕಳು ಕಾಲೇಜಿಗೆ ಹೋದ ಮೇಲೆ ಅವರ ಸಂಕಟವನ್ನು ಯಾವ ಭಾಷೆಯಲ್ಲಿ ಕೇಳಿಸಿಕೊಳ್ಳುತ್ತಾರೆಂದು ಯಾರೂ ವಿಚಾರಿಸಿದಂತಿಲ್ಲ.

ಹುಡುಗ ಒಂದು ಸೆಮಿಸ್ಟರು ಕಳೆದುಕೊಂಡ. ರಸಾಯನಶಾಸ್ತ್ರ ಬಿಡಲಿಲ್ಲ. ತಿಂಗಳಿಗೊಮ್ಮೆ ಮಂಗಳೂರಿಗೆ ಹೋಗಿಬರುತ್ತಾನೆ. ಕೆಲವು ದಿನ ಈಗಲೂ ಉದಾಸೀನವೆನ್ನುತ್ತಾನೆ. ತಂದೆ ಬೈಯುವುದಿಲ್ಲ, ಗಾಬರಿಯಾಗಿ ಆಕೆಗೆ ಫೋನು ಮಾಡುತ್ತಾರೆ, ಅದು ಇನ್ನೊಂದು ತ್ರಾಸ.

ಕಳೆದ ಮಳೆಗಾಲದ ಒಂದು ಸಂಜೆ ಅವನು ಕೋಣೆಗೆ ಬಂದಾಗ ಆಕೆ ಒಂದು ಹಾಳೆ ತೋರಿಸಿದಳು. ಅಳತೆಗೆ ಅಚ್ಚಾದ ಕಾಗದವೇ ಬೇಕು, ಅದನ್ನು ತಿದ್ದುವಂತಿಲ್ಲ. ಇದು ಬಾಯಿಯಿಂದ ಕೇಳುವಾಗ ತಡವರಿಸದಿರಲೆಂದು ಆಕೆ ತನಗಾಗಿ ತುಳುವಿನಲ್ಲಿ, ಕನ್ನಡ ಅಕ್ಷರಗಳಲ್ಲಿ ಬರೆದಿಟ್ಟದ್ದು. ಹುಡುಗ ಓದಿ ನಕ್ಕ. "ಹೀಗೆ ಯಾರೂ ಮಾತಾಡುವುದಿಲ್ಲ ಟೀಚರ್. ಇದು ಆಕಾಶವಾಣಿಯ ತುಳು."

"ಹಾಗಾದರೆ ನೀನೇ ತಿದ್ದು."

ಬೆಂಚಿನಲ್ಲಿ ಕುಳಿತು ಮೊದಲ ಎಂಟನ್ನು ಬೇಗ ಬೇಗ ತಿದ್ದಿದ. ಒಂಬತ್ತನೆಯದರಲ್ಲಿ ಎರಡು ಪದ ಹೊಡೆದು ಒಂದು ಪದ ಬರೆದ. ಅದನ್ನೂ ಒಮ್ಮೆ ಓದಿಕೊಂಡು, ಪೆನ್ನು ಮುಚ್ಚಿ ಹಿಂದಿರುಗಿಸಿದ. ಹೊರಗೆ ಮಳೆ ಹಿಡಿದಿತ್ತು, ಬಸ್ಸಿನ ಹೊತ್ತಾಗಿತ್ತು. "ಕ್ಯಾಂಟೀನಿನ ಅಕ್ಕನಿಗೆ ಒಮ್ಮೆ ಓದಿ ಹೇಳಿ ಟೀಚರ್, ಅವರಿಗೆ ಸರಿ ಕಂಡರೆ ಆಯಿತು," ಎಂದು ಕೊಡೆ ಬಿಡಿಸಿ ಓಡಿದ.